ಯಾರೂ ಏರಲಾರದ ಕುದುರೆ



ಈ ವಾರದ ಮಾತು ಶುರುವಾಗುವುದು ನಮ್ಮ ಮನೆಯ ಅಟ್ಟದಿಂದ. ರಜೆಗೆಂದು ಬಂದ ಮೊಮ್ಮಗಳು ಅಟ್ಟದ ಮೇಲಿನ ಕಬ್ಬಿಣದ ಟ್ರಂಕನ್ನು ಇಳಿಸಲೇಬೇಕು ಎಂದು ಹಟ ಹಿಡಿದಳು. ಸೊಂಟ ಹಿಡಿದುಕೊಂಡೇ ಇಳಿಸಿದೆ. ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ, ಒಂದೆರಡು ಹಳೇ ಪಂಚಾಂಗ, ಅವುಗಳ ಅಡಿಯಲ್ಲಿ ನನ್ನ ಸ್ಟಾಂಪ್ ಆಲ್ಬಂ. ನಾನು ಏಳನೆಯ ತರಗತಿಯಲ್ಲಿದ್ದಾಗ ಅಂಟಿಸಿದ್ದು. ಆಗ ಅಂಗಡಿಯಲ್ಲಿ ಪರದೇಶದ ಅಂಚೆ ಚೀಟಿಗಳ ಪೊಟ್ಟಣ ಸಿಗುತ್ತಿತ್ತು. ಒಳಗೆ ಯಾವ ದೇಶದ್ದು ಇದೆ ಎಂದು ಒಡೆದು ನೋಡುವವರೆಗೂ ಗೊತ್ತಾಗುತ್ತಿರಲಿಲ್ಲ. ಆ ಖುಷಿಗೇ ದುಡ್ಡು ಕೊಡುತ್ತಿದ್ದೆವು.

ಮೊಮ್ಮಗಳು ಹಾಳೆ ತಿರುಗಿಸುತ್ತಾ ಒಂದು ಕಡೆ ನಿಂತಳು.

"ತಾತ, ಇಲ್ಲಿ ನೋಡು. ಕುದುರೆಗೆ ರೆಕ್ಕೆ ಇದೆ! ಇದು ಉಚ್ಚೈಃಶ್ರವಸ್ಸಾ?"

ಅವಳಿಗೆ ಅವಳ ಅಜ್ಜಿ ಕದ್ರು ವಿನತೆಯರ ಕಥೆ ಹೇಳಿದ್ದಾಳೆ. ಕುದುರೆಯ ಬಾಲ ಕಪ್ಪೋ ಬಿಳುಪೋ ಎಂದು ಪಂದ್ಯ ಕಟ್ಟಿದರಲ್ಲ, ಆ ಕಥೆ. ಅದಕ್ಕೇ ಆ ಪ್ರಶ್ನೆ. "ಅಲ್ಲ ಪುಟ್ಟಿ, ಅದು ಇಂದ್ರನ ಕುದುರೆ. ಇದು ಬೇರೆ ಊರಿನದು" ಎಂದೆ.

ಕನ್ನಡಕ ಏರಿಸಿ ನಾನೂ ನೋಡಿದೆ. ಎತ್ತರದ ಕಂಬದಂಥ ಕಟ್ಟೆ, ಅದರ ತುದಿಯಲ್ಲಿ ಮುಂಗಾಲೆತ್ತಿ ಹಾರಲು ಹೊರಟ ಕುದುರೆ, ಅದರ ಬೆನ್ನ ಮೇಲೆ ಇಬ್ಬರು. ಇಂಗ್ಲಿಷ್ ಅಕ್ಷರ ಒಂದೂ ಇಲ್ಲ. ಚೌಕ, ಸೊನ್ನೆ, ಕಡ್ಡಿ ಸೇರಿಸಿ ಬರೆದಂತಿದ್ದ ಲಿಪಿ. ಇದು ಯಾವ ದೇಶದ್ದೆಂದು ತಿಳಿಯದೆ ಆ ಕಾಲದಲ್ಲಿ ಆಲ್ಬಂನ ಕೊನೆಯ ಹಾಳೆಯಲ್ಲಿ, 'ಗೊತ್ತಿಲ್ಲದವು' ಎಂಬ ತಲೆಬರಹದ ಕೆಳಗೆ ಅಂಟಿಸಿದ್ದೆ. ಅದು ಉತ್ತರ ಕೊರಿಯಾದ್ದು, ಆ ಕುದುರೆಯ ಹೆಸರು ಚೊಲ್ಲಿಮಾ ಎಂದು ಗೊತ್ತಾಗಲು ನನಗೆ ಬಹಳ ವರ್ಷ ಹಿಡಿಯಿತು. ನಿಮಗೆ ಈಗಲೇ ಹೇಳಿಬಿಡುತ್ತೇನೆ.

ಮೊದಲು ಹೆಸರು ಬಿಡಿಸೋಣ. ಚೊನ್ ಎಂದರೆ ಸಾವಿರ. ರಿ ಎಂದರೆ ದೂರ ಅಳೆಯುವ ಹಳೆಯ ಅಳತೆ, ನಮ್ಮಲ್ಲಿ ಹರದಾರಿ, ಗಾವುದ ಇದ್ದ ಹಾಗೆ. ಮಾ ಎಂದರೆ ಕುದುರೆ. ಚೊನ್, ರಿ, ಮಾ ಮೂರನ್ನೂ ಸೇರಿಸಿ ಬೇಗ ಹೇಳಿ ನೋಡಿ. ಕೊರಿಯಾದವರ ಬಾಯಲ್ಲಿ 'ನ್' ಮತ್ತು 'ರ್' ಅಕ್ಕಪಕ್ಕ ಬಂದರೆ ಎರಡೂ ಸೇರಿ 'ಲ್ಲ' ಆಗಿಬಿಡುತ್ತವೆ. ಚೊನ್ + ರಿ = ಚೊಲ್ಲಿ. ಮಳೆ + ಕಾಲ = ಮಳೆಗಾಲ ಎಂದು ನೀವು ಶಾಲೆಯಲ್ಲಿ ಕಲಿಯುತ್ತೀರಲ್ಲ, ಸಂಧಿ, ಅಂಥದೇ ಒಂದು. ಸಂಧಿ ಅಂದರೆ ಮೂಗು ಮುರಿಯುವ ಮೊಮ್ಮಗಳು ಇದನ್ನು ಮಾತ್ರ ಹತ್ತು ಸಲ ಹೇಳಿ ಹೇಳಿ ನಕ್ಕಳು.

ಒಂದು ರಿ ಎಂದರೆ ನಾನ್ನೂರು ಮೀಟರಿಗೆ ಸ್ವಲ್ಪ ಕಡಿಮೆ. ಹಾಗಾದರೆ ಸಾವಿರ ರಿ ಸುಮಾರು 390 ಕಿಲೋಮೀಟರ್. ಚೊಲ್ಲಿಮಾ ಅಷ್ಟು ದೂರವನ್ನು ಒಂದೇ ದಿನದಲ್ಲಿ ಓಡುತ್ತದೆಯಂತೆ. ಬೆಳಿಗ್ಗೆ ಬೆಂಗಳೂರು ಬಿಟ್ಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಹುಬ್ಬಳ್ಳಿ ಹತ್ತಿರ ಬಂದಂತೆ. ಕೊರಿಯಾದವರು ತಮ್ಮ ನಾಡನ್ನು ಪ್ರೀತಿಯಿಂದ 'ಮೂರು ಸಾವಿರ ರಿ' ಎಂದು ಕರೆಯುತ್ತಾರೆ. ಉತ್ತರದ ತುದಿಯಿಂದ ದಕ್ಷಿಣದ ತುದಿಯವರೆಗೆ ಅಷ್ಟು ಉದ್ದ ಎಂಬ ಲೆಕ್ಕ. ಚೊಲ್ಲಿಮಾಕ್ಕೆ ಅದು ಮೂರು ದಿನದ ದಾರಿ.

ನಿಜವಾದ ಕುದುರೆ ಎಷ್ಟು ಓಡೀತು? ಕೆಲವು ದೇಶಗಳಲ್ಲಿ ಒಂದು ದಿನದಲ್ಲಿ 160 ಕಿಲೋಮೀಟರ್ ಸವಾರಿ ಮಾಡುವ ಪಂದ್ಯ ಇದೆ. ಅದಕ್ಕೆಂದೇ ಸಾಕಿ ಪಳಗಿಸಿದ ಕುದುರೆಗಳು ಬೇಕು. ದಾರಿಯ ನಡುನಡುವೆ ನಿಲ್ಲಿಸಿ ಪಶುವೈದ್ಯರು ಕುದುರೆಯ ಎದೆಬಡಿತ ಎಣಿಸುತ್ತಾರೆ. ಬಡಿತ ಇಳಿಯಲಿಲ್ಲವೋ, ಸವಾರ ಎಷ್ಟೇ ಬೇಡಿಕೊಂಡರೂ ಕುದುರೆಯನ್ನು ಪಂದ್ಯದಿಂದ ಹೊರಗಿಡುತ್ತಾರೆ. ಈ ವೈದ್ಯರನ್ನು ನೆನಪಿಟ್ಟುಕೊಂಡಿರಿ.

ಸಾವಿರ ರಿ ಕುದುರೆಯ ಕಥೆ ಕೊರಿಯಾಕ್ಕೆ ಬಂದದ್ದು ಚೀನಾದಿಂದ. ಚೀನಾದ ಹಳೆಯ ಕಥೆಗಳಲ್ಲಿ ಇದಕ್ಕೆ ರೆಕ್ಕೆ ಇಲ್ಲ. ನೋಡಲು ಬೇರೆ ಕುದುರೆಗಳ ಹಾಗೆಯೇ ಇರುತ್ತದೆ. ಕಷ್ಟ ಇರುವುದು ಅಲ್ಲೇ. ಗುರುತಿಸುವುದು ಹೇಗೆ?

ಒಂದು ಕಥೆ ಹೇಳುತ್ತೇನೆ. ಒಬ್ಬ ರಾಜನಿಗೆ ಸಾವಿರ ರಿ ಓಡುವ ಕುದುರೆ ಬೇಕಾಗಿತ್ತು. ಸಾವಿರ ಚಿನ್ನದ ನಾಣ್ಯ ಕೊಡುತ್ತೇನೆಂದು ಡಂಗುರ ಹೊಡೆಸಿದ. ಮೂರು ವರ್ಷ ಕಳೆದರೂ ಒಂದು ಕುದುರೆಯೂ ಬರಲಿಲ್ಲ. ಆಗ ಅರಮನೆಯ ಸೇವಕನೊಬ್ಬ, "ನನ್ನನ್ನು ಕಳಿಸಿ ಪ್ರಭು, ನಾನು ತರುತ್ತೇನೆ" ಎಂದು ಹೊರಟ. ಮೂರು ತಿಂಗಳು ಅಲೆದು ಕೊನೆಗೂ ಅಂಥ ಕುದುರೆ ಇರುವ ಊರು ಪತ್ತೆ ಮಾಡಿದ. ಅಲ್ಲಿ ಹೋಗಿ ನೋಡಿದರೆ ಕುದುರೆ ಸತ್ತುಹೋಗಿತ್ತು. ಅವನೇನು ಮಾಡಿದ ಗೊತ್ತೇ? ಐನೂರು ಚಿನ್ನದ ನಾಣ್ಯ ಎಣಿಸಿ ಕೊಟ್ಟು, ಆ ಸತ್ತ ಕುದುರೆಯ ಎಲುಬುಗಳನ್ನು ಕೊಂಡು ತಂದ.

ರಾಜ ಕೆಂಡಾಮಂಡಲವಾದ. "ನಾನು ಕೇಳಿದ್ದು ಓಡುವ ಕುದುರೆ! ಎಲುಬಿಗೆ ಐನೂರು ಸುರಿದು ಬಂದೆಯಾ?"

ಸೇವಕ ಕೈಮುಗಿದು, "ಸತ್ತ ಕುದುರೆಗೇ ಐನೂರು ಕೊಟ್ಟ ರಾಜ ಬದುಕಿರುವ ಕುದುರೆಗೆ ಮೋಸ ಮಾಡುತ್ತಾನೆಯೇ ಎಂದು ಜನ ಈಗ ಮಾತಾಡಿಕೊಳ್ಳುತ್ತಿದ್ದಾರೆ ಪ್ರಭು. ಸ್ವಲ್ಪ ಕಾಯಿರಿ" ಎಂದ. ವರ್ಷ ತುಂಬುವುದರೊಳಗೆ ಅರಮನೆಯ ಬಾಗಿಲಿಗೆ ಮೂರು ಸಾವಿರ ರಿ ಕುದುರೆಗಳು ಬಂದು ನಿಂತವು!

ಇಲ್ಲಿ ನನ್ನ ವ್ಯಾಕರಣ ನೋಡಿ ಮೊಮ್ಮಗಳು "ಮೂರು ಸಾವಿರ ಕುದುರೆಗಳಾ?" ಎಂದು ಬೆಚ್ಚಿದಳು. ಅಲ್ಲ, ಕುದುರೆ ಮೂರೇ. ಒಂದೊಂದೂ ಸಾವಿರ ರಿ ಓಡುವಂಥದು.

ಈ ಕಥೆಯನ್ನು ಹೇಳಿದವನು ಗುವೊ ವೇ ಎಂಬ ಮಂತ್ರಿ. ಕೇಳಿದವನು ಯಾನ್ ಎಂಬ ರಾಜ್ಯದ ದೊರೆ, ಸುಮಾರು 2300 ವರ್ಷದ ಹಿಂದೆ. ಯುದ್ಧದಲ್ಲಿ ಸೋತು ಸೊರಗಿದ ರಾಜ್ಯಕ್ಕೆ ಬುದ್ಧಿವಂತರನ್ನು ಕರೆತರುವುದು ಹೇಗೆ ಎಂದು ದೊರೆ ಕೇಳಿದಾಗ, ಮಂತ್ರಿ ಈ ಕಥೆ ಹೇಳಿ, "ಮೊದಲು ನನ್ನಂಥ ಸಾಧಾರಣದವನಿಗೆ ಮರ್ಯಾದೆ ಕೊಡಿ. ಉಳಿದವರು ತಾವಾಗಿಯೇ ಬರುತ್ತಾರೆ" ಎಂದನಂತೆ. ಜಾಣ ಮಂತ್ರಿ! ತನ್ನನ್ನು ಎಲುಬಿಗೆ ಹೋಲಿಸಿಕೊಂಡೇ ಕೆಲಸ ಸಾಧಿಸಿಕೊಂಡ.

ಇನ್ನೊಂದು ಕಥೆ ಬೋ ಲೆ ಎಂಬವನದು. ಕುದುರೆಯನ್ನು ಕಣ್ಣಲ್ಲಿ ನೋಡಿಯೇ ಅದರ ಯೋಗ್ಯತೆ ಹೇಳುವುದರಲ್ಲಿ ಅವನ ಸಮ ಇರಲಿಲ್ಲ. ಒಮ್ಮೆ ಬೆಟ್ಟದ ದಾರಿಯಲ್ಲಿ ಬರುತ್ತಿದ್ದಾಗ ಉಪ್ಪಿನ ಗಾಡಿ ಎಳೆಯುತ್ತಿದ್ದ ಮುದಿ ಕುದುರೆಯೊಂದನ್ನು ಕಂಡ. ಮೈಯೆಲ್ಲ ಬೆವರು, ಮೊಣಕಾಲು ನಡುಗುತ್ತಿದೆ, ಏರು ಹತ್ತಲಾಗದೆ ನಿಂತುಬಿಟ್ಟಿದೆ. ಅದು ಸಾವಿರ ರಿ ಓಡಬೇಕಾಗಿದ್ದ ಕುದುರೆ ಎಂದು ಬೋ ಲೆಗೆ ನೋಡಿದ ಕೂಡಲೇ ಗೊತ್ತಾಯಿತು. ತನ್ನ ಗಾಡಿಯಿಂದ ಇಳಿದು, ಅದರ ಕತ್ತು ತಬ್ಬಿಕೊಂಡು ಅತ್ತ. ಮೇಲಂಗಿ ಬಿಚ್ಚಿ ಅದಕ್ಕೆ ಹೊದಿಸಿದ. ಆ ಕುದುರೆ ತಲೆ ತಗ್ಗಿಸಿ ಉಸಿರು ಬಿಟ್ಟು, ಆಮೇಲೆ ತಲೆ ಎತ್ತಿ ಆಕಾಶಕ್ಕೆ ಕೇಳುವಂತೆ ಕೆನೆಯಿತಂತೆ, ಕೊನೆಗೂ ನನ್ನನ್ನು ತಿಳಿದವನೊಬ್ಬ ಸಿಕ್ಕಿದ ಎಂದು.

ಈಗ ಕೊರಿಯಾಕ್ಕೆ ಹೋಗೋಣ. ಅಲ್ಲಿ ಬೆಳೆಯುತ್ತಾ ಬೆಳೆಯುತ್ತಾ ಈ ಕುದುರೆಗೆ ರೆಕ್ಕೆ ಬಂತು. ಅದರ ವೇಗಕ್ಕೆ ಹೆದರಿ ಮನುಷ್ಯರು ಯಾರೂ ಅದರ ಮೇಲೆ ಕೂರಲಾರರು ಎಂಬ ಮಾತೂ ಸೇರಿಕೊಂಡಿತು.

ಕೊರಿಯಾ 1945ರವರೆಗೆ ಒಂದೇ ದೇಶ. ಎರಡನೆಯ ಮಹಾಯುದ್ಧ ಮುಗಿದಾಗ ಭೂಪಟದ ಮೇಲೆ ಒಂದು ಗೆರೆ ಎಳೆದು ಉತ್ತರ, ದಕ್ಷಿಣ ಎಂದು ಎರಡು ಮಾಡಿದರು. 1950ರಿಂದ 1953ರವರೆಗೆ ಅಣ್ಣತಮ್ಮಂದಿರಂಥ ಜನರ ನಡುವೆ ಘೋರ ಯುದ್ಧ ನಡೆಯಿತು. ಉತ್ತರದ ರಾಜಧಾನಿ ಪ್ಯೊಂಗ್ಯಾಂಗ್ ಬಾಂಬುಗಳ ಮಳೆಗೆ ನೆಲಸಮವಾಯಿತು. ನಿಂತಿದ್ದ ಕಟ್ಟಡಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಮನೆ ಇಲ್ಲ, ಕಾರ್ಖಾನೆ ಇಲ್ಲ, ಗದ್ದೆಗೆ ನೀರಿಲ್ಲ.

1956ರ ಡಿಸೆಂಬರ್. ಉತ್ತರದ ನಾಯಕ ಕಿಮ್ ಇಲ್ ಸುಂಗ್ ಕಾಂಗ್‌ಸನ್ ಎಂಬ ಊರಿನ ಉಕ್ಕಿನ ಕಾರ್ಖಾನೆಗೆ ಹೋದರು. ಇನ್ನೂ ಹೆಚ್ಚು ಉಕ್ಕು ಬೇಕು ಎಂದು ಕೆಲಸಗಾರರನ್ನು ಕೇಳಿದರು. ವರ್ಷಕ್ಕೆ 60,000 ಟನ್ ತೆಗೆಯಬಹುದು ಎಂದುಕೊಂಡಿದ್ದ ಯಂತ್ರದಿಂದ ಮುಂದಿನ ವರ್ಷ 1,20,000 ಟನ್ ತೆಗೆದರು ಎಂದು ಆ ದೇಶದ ಪುಸ್ತಕಗಳು ಹೇಳುತ್ತವೆ. ಆಗ ಎಲ್ಲರ ಬಾಯಲ್ಲೂ ಚೊಲ್ಲಿಮಾ ಬಂತು. 'ಚೊಲ್ಲಿಮಾ ಏರಿದವರ ಹಾಗೆ ಓಡೋಣ' ಎಂಬುದು ಇಡೀ ದೇಶದ ಕೂಗಾಯಿತು. ಚೆನ್ನಾಗಿ ದುಡಿದ ತಂಡಗಳಿಗೆ ಚೊಲ್ಲಿಮಾ ತಂಡ ಎಂಬ ಬಿರುದು. ಐದು ವರ್ಷಕ್ಕೆಂದು ಹಾಕಿದ ಯೋಜನೆ ಎರಡೂವರೆ ವರ್ಷದಲ್ಲೇ ಮುಗಿಯಿತು ಎಂದು ಸರ್ಕಾರ ಸಾರಿತು.

ಈ ಲೆಕ್ಕಗಳೆಲ್ಲ ಸರ್ಕಾರವೇ ಹೇಳಿದ ಲೆಕ್ಕ. ಹೊರಗಿನವರು ಹೋಗಿ ತಕ್ಕಡಿ ಹಿಡಿದು ತೂಗಿ ನೋಡುವಂತಿರಲಿಲ್ಲ. ರಷ್ಯಾ, ಚೀನಾ ಮುಂತಾದ ದೇಶಗಳ ನೆರವೂ ಇತ್ತು. ಹಾಗೆಂದು ಎಲ್ಲವೂ ಸುಳ್ಳು ಎಂದು ನಾನು ಹೇಳುವುದಿಲ್ಲ. ಬೂದಿಯಾಗಿದ್ದ ಊರು ಕೆಲವೇ ವರ್ಷಗಳಲ್ಲಿ ಎದ್ದು ನಿಂತದ್ದು ನಿಜ. ಇಟ್ಟಿಗೆ ಹೊತ್ತವರು, ರಾತ್ರಿ ಪಾಳಿಯಲ್ಲಿ ಕುಲುಮೆಯ ಮುಂದೆ ನಿಂತವರು ಯುದ್ಧದಲ್ಲಿ ತಮ್ಮವರನ್ನು ಕಳೆದುಕೊಂಡಿದ್ದ ಸಾಮಾನ್ಯ ಜನ.

1961ರ ಏಪ್ರಿಲ್ 15ರಂದು, ನಾಯಕರ ಹುಟ್ಟುಹಬ್ಬದ ದಿನ, ಪ್ಯೊಂಗ್ಯಾಂಗಿನ ಮಾನ್ಸು ಗುಡ್ಡದ ಮೇಲೆ ಚೊಲ್ಲಿಮಾ ಪ್ರತಿಮೆ ನಿಂತಿತು. ನನ್ನ ಸ್ಟಾಂಪಿನಲ್ಲಿರುವುದು ಅದೇ. ಕಲ್ಲಿನ ಕಟ್ಟೆಯೂ ಸೇರಿ 46 ಮೀಟರ್ ಎತ್ತರ, ಸುಮಾರು ಹದಿನೈದು ಅಂತಸ್ತಿನ ಮನೆಯಷ್ಟು. ಕಂಚಿನ ಕುದುರೆಯೊಂದೇ 14 ಮೀಟರ್ ಎತ್ತರ, 16 ಮೀಟರ್ ಉದ್ದ. ಬೆನ್ನ ಮೇಲಿರುವ ಇಬ್ಬರಲ್ಲಿ ಮುಂದೆ ಕೂತವನು ಕಾರ್ಮಿಕ, ಪಕ್ಷದ ಪತ್ರವನ್ನು ಮೇಲೆತ್ತಿ ಹಿಡಿದಿದ್ದಾನೆ. ಹಿಂದೆ ಕೂತವಳು ರೈತ ಹೆಣ್ಣುಮಗಳು, ಕೈಯಲ್ಲಿ ಭತ್ತದ ತೆನೆಯ ಹೊರೆ.

ಮೊಮ್ಮಗಳು ಭೂತಗನ್ನಡಿ ಹಿಡಿದು ಅವರಿಬ್ಬರನ್ನೇ ನೋಡುತ್ತಿದ್ದಳು.

"ತಾತ, ಅದರ ಮೇಲೆ ಯಾರೂ ಕೂರೋಕೆ ಆಗಲ್ಲ ಅಂದೆ. ಇವರು ಹೇಗೆ ಕೂತರು?"

ನೋಡಿ, ಐವತ್ತು ವರ್ಷ ಆ ಸ್ಟಾಂಪು ನನ್ನ ಹತ್ತಿರ ಇದ್ದರೂ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. "ಕಥೆಯಲ್ಲಿ ಯಾರೂ ಕೂತಿರಲಿಲ್ಲ ಪುಟ್ಟಿ. ಇವರನ್ನು ಕೂರಿಸಿದರು" ಎಂದೆ. "ಇಳಿಯೋದು ಹೇಗೆ?" ಎಂದಳು. ಅದಕ್ಕೆ ನಾನು ಕಾಫಿ ತರುತ್ತೇನೆಂದು ಎದ್ದೆ.

ಆ ಮೇಲೆ ಉತ್ತರ ಕೊರಿಯಾದಲ್ಲಿ ಎಲ್ಲೆಲ್ಲೂ ಚೊಲ್ಲಿಮಾವೇ. ಕಾಂಗ್‌ಸನ್ನಿನ ಆ ಕಾರ್ಖಾನೆಗೆ ಅದೇ ಹೆಸರು. ಟ್ರ್ಯಾಕ್ಟರಿಗೆ ಅದೇ ಹೆಸರು. ಅವರ ಫುಟ್‌ಬಾಲ್ ತಂಡವನ್ನೂ ಚೊಲ್ಲಿಮಾ ಎಂದೇ ಕರೆಯುತ್ತಾರೆ. ಫುಟ್‌ಬಾಲ್ ಆಡುವ ಮಕ್ಕಳಿಗಾಗಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. 1966ರಲ್ಲಿ ಇಂಗ್ಲೆಂಡಿನಲ್ಲಿ ವಿಶ್ವಕಪ್. ಉತ್ತರ ಕೊರಿಯಾದ ಆಟಗಾರರ ಹೆಸರೂ ಯಾರಿಗೂ ಗೊತ್ತಿಲ್ಲ. ಎದುರಿಗೆ ಇಟಲಿ, ಅದಾಗಲೇ ಎರಡು ಸಲ ಕಪ್ ಗೆದ್ದ ತಂಡ. ಜುಲೈ 19ರಂದು ಮಿಡಲ್ಸ್‌ಬರೊ ಎಂಬ ಊರಿನಲ್ಲಿ ಆಟ. 42ನೆಯ ನಿಮಿಷದಲ್ಲಿ ಪಾಕ್ ಡೂ ಇಕ್ ಒಂದು ಗೋಲು ಹೊಡೆದ. ಒಂದೇ ಗೋಲು, ಅಷ್ಟೇ. ಇಟಲಿ ಮನೆಗೆ ಹೊರಟಿತು, ಅಲ್ಲಿ ವಿಮಾನ ಇಳಿದಾಗ ಜನ ಟೊಮೇಟೊ ಎಸೆದು ಸ್ವಾಗತಿಸಿದರು! ಮಿಡಲ್ಸ್‌ಬರೊ ಕೂಡ ಉಕ್ಕಿನ ಕಾರ್ಖಾನೆಗಳ ಊರು. ಅಲ್ಲಿಯ ಜನಕ್ಕೆ ಈ ಪುಟ್ಟ ಗಾತ್ರದ ಆಟಗಾರರ ಮೇಲೆ ಎಂಥ ಮಮತೆ ಬಂತೆಂದರೆ, ಮುಂದಿನ ಆಟ ನೋಡಲು ಲಿವರ್‌ಪೂಲಿಗೂ ಹಿಂಬಾಲಿಸಿ ಹೋದರು. ಅಲ್ಲಿ ಪೋರ್ಚುಗಲ್ ವಿರುದ್ಧ ಕೊರಿಯಾದವರು ಮೊದಲ 25 ನಿಮಿಷದಲ್ಲೇ ಮೂರು ಗೋಲು ಹೊಡೆದರು. ಆಮೇಲೆ ಯುಸೇಬಿಯೊ ಎಂಬ ಮಹಾಶಯ ಒಬ್ಬನೇ ನಾಲ್ಕು ಹೊಡೆದ, 5-3ರಿಂದ ಪೋರ್ಚುಗಲ್ ಗೆದ್ದಿತು. ಆದರೂ ಆ ಊರಿನವರು ಮರೆಯಲಿಲ್ಲ. 2002ರಲ್ಲಿ, ಬದುಕಿದ್ದ ಆಟಗಾರರು ಮುದುಕರಾಗಿ ಮತ್ತೆ ಮಿಡಲ್ಸ್‌ಬರೊಗೆ ಬಂದಾಗ ಊರು ಅವರನ್ನು ತನ್ನವರಂತೆಯೇ ಬರಮಾಡಿಕೊಂಡಿತು.

ಇಲ್ಲಿಯವರೆಗೆ ಸಂತೋಷದ ಮಾತಾಯಿತು. ಇನ್ನೊಂದು ಮಾತಿದೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪು ಹೇಳಬೇಕು.

ನಾನು ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ ಚೆನ್ನಾಗಿ ಓಡುವ ಹುಡುಗನೊಬ್ಬ ಇದ್ದ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಅವನನ್ನು ಕರೆದುಕೊಂಡು ಹೋದೆ. ಶಾಲೆಗೆ ಹೆಸರು ತರುತ್ತಾನೆಂದು ಎಲ್ಲರ ಹತ್ತಿರ ಹೇಳಿಕೊಂಡಿದ್ದೆ. ಅಂದು ಅವನು ಅರ್ಧದಲ್ಲೇ ನಿಂತುಬಿಟ್ಟ. ನನಗೆ ಎಲ್ಲಿಲ್ಲದ ಸಿಟ್ಟು. "ಎಮ್ಮೆ ಹಾಗೆ ನಿಂತುಬಿಟ್ಟೆಯಲ್ಲೋ, ಮಾನ ಕಳೆದೆ" ಎಂದು ಎಲ್ಲರೆದುರು ಬೈದೆ. ಅವನು ತಲೆ ತಗ್ಗಿಸಿಕೊಂಡು ನಿಂತಿದ್ದ, ಒಂದು ಮಾತೂ ಆಡಲಿಲ್ಲ. ಸಂಜೆ ಅವನನ್ನು ಮನೆಗೆ ಬಿಡಲು ಹೋದಾಗ ಅವನ ತಾಯಿ ಸೆರಗಲ್ಲಿ ಕಣ್ಣೊರೆಸಿಕೊಂಡು ಹೇಳಿದರು, "ನಿನ್ನೆ ಮಧ್ಯಾಹ್ನದಿಂದ ಮಗ ಏನೂ ಉಂಡಿರಲಿಲ್ಲ ಸ್ವಾಮಿ, ಮನೇಲಿ ಹಿಟ್ಟು ಮುಗಿದಿತ್ತು." ಆಗ ಶಾಲೆಗಳಲ್ಲಿ ಬಿಸಿಯೂಟ ಇರಲಿಲ್ಲ. ಕೇಳಬೇಕಾದದ್ದು ನಾನು. ಓಡುತ್ತೀಯಾ ಎಂದು ನೂರು ಸಲ ಕೇಳಿದ್ದೆ, ಉಂಡೆಯಾ ಎಂದು ಒಂದು ಸಲವೂ ಕೇಳಿರಲಿಲ್ಲ.

ಬಹಳ ವರ್ಷದ ಮೇಲೆ ಚೀನಾದ ಹಾನ್ ಯು ಎಂಬ ಪಂಡಿತ ಕುದುರೆಗಳ ಬಗ್ಗೆ ಬರೆದ ಸಣ್ಣ ಬರಹದ ವಿಷಯ ಓದಿದೆ. ಅವನು ಬದುಕಿದ್ದದ್ದು 768ರಿಂದ 824ರವರೆಗೆ. ಸಾವಿರ ರಿ ಓಡುವ ಕುದುರೆಗಳು ಲೋಕದಲ್ಲಿ ಬೇಕಾದಷ್ಟಿವೆ, ಅವುಗಳನ್ನು ಗುರುತಿಸುವ ಬೋ ಲೆಯಂಥವರೇ ಕಡಿಮೆ ಎಂಬುದು ಅವನ ವಾದ. ಅಂಥ ಕುದುರೆಗೆ ಒಂದು ಹೊತ್ತಿಗೆ ಮೂಟೆಗಟ್ಟಲೆ ಕಾಳು ಬೇಕು. ಮೇವು ಹಾಕುವವನಿಗೆ ಅದು ಗೊತ್ತಿಲ್ಲ, ಎಲ್ಲ ಕುದುರೆಗೂ ಹಾಕುವಷ್ಟೇ ಹಾಕುತ್ತಾನೆ. ಹಸಿದ ಕುದುರೆ ಸಾಧಾರಣ ಕುದುರೆಯಷ್ಟೂ ಓಡಲಾರದು. ಆಗ ಯಜಮಾನ ಚಾಟಿ ಹಿಡಿದು ಅದರ ಎದುರಿಗೇ ನಿಂತು, ಒಳ್ಳೆಯ ಕುದುರೆಯೇ ಇಲ್ಲವಲ್ಲ ಎಂದು ಗೊಣಗುತ್ತಾನೆ. ಓದಿದಾಗ ಚಾಟಿ ಹಿಡಿದ ಆ ಯಜಮಾನ ನನ್ನ ಹಾಗೆಯೇ ಕಂಡ.

ಉತ್ತರ ಕೊರಿಯಾದ ಮಾತಿಗೆ ಬರುತ್ತೇನೆ. ಓಡು, ಇನ್ನೂ ಓಡು ಎಂಬ ಕೂಗು ಅಲ್ಲಿ ವರ್ಷಗಟ್ಟಲೆ ನಿಲ್ಲಲಿಲ್ಲ. ನಿಲ್ಲಿಸಿ ಎದೆಬಡಿತ ಎಣಿಸುವ ವೈದ್ಯರಂಥವರು ಯಾರೂ ಬಾಯಿ ತೆರೆಯುವಂತಿರಲಿಲ್ಲ. ನೆರವು ಕೊಡುತ್ತಿದ್ದ ಸೋವಿಯತ್ ದೇಶ 1991ರಲ್ಲಿ ಒಡೆದುಹೋಯಿತು. ಗೊಬ್ಬರ ಇಲ್ಲ, ಎಣ್ಣೆ ಇಲ್ಲ. 1995ರಲ್ಲಿ ದೊಡ್ಡ ನೆರೆ ಬಂತು. ಆ ವರ್ಷಗಳ ಬರಗಾಲದಲ್ಲಿ ಲಕ್ಷಾಂತರ ಜನ, ನಿಮ್ಮ ವಯಸ್ಸಿನ ಮಕ್ಕಳೂ ಸೇರಿ, ಅನ್ನವಿಲ್ಲದೆ ಸತ್ತರು. ಗುಡ್ಡದ ಮೇಲೆ ಕಂಚಿನ ಹೆಣ್ಣುಮಗಳು ಭತ್ತದ ಹೊರೆ ಹಿಡಿದುಕೊಂಡೇ ಇದ್ದಳು. ಆಮೇಲೆ 2016ರಲ್ಲಿ ಅಲ್ಲಿಯ ಸರ್ಕಾರ ಹೊಸ ಕುದುರೆಯೊಂದನ್ನು ತಂದಿತು. ಅದರ ಹೆಸರು ಮಲ್ಲಿಮಾ. ಮನ್ ಎಂದರೆ ಹತ್ತು ಸಾವಿರ. ಸಂಧಿ ಬಿಡಿಸಿ ಅರ್ಥ ನೀವೇ ಹೇಳಿ.

ಕೊರಿಯಾದ ಕುದುರೆ ಇದೊಂದೇ ಅಲ್ಲ. ದಕ್ಷಿಣದಲ್ಲಿ ಇನ್ನೊಂದಿದೆ, ಅದರ ಕಥೆ ಕೇಳಿದರೆ ಸಮಾಧಾನವಾಗುತ್ತದೆ.

ದಕ್ಷಿಣ ಕೊರಿಯಾದಲ್ಲಿ ಗ್ಯೊಂಗ್ಜು ಎಂಬ ಊರಿದೆ. ಹಿಂದೆ ಸಿಲ್ಲಾ ರಾಜರ ರಾಜಧಾನಿ. ಊರಿನ ನಡುವೆಯೇ ಹುಲ್ಲು ಬೆಳೆದ ದುಂಡನೆಯ ದಿಬ್ಬಗಳು, ರಾಗಿ ಮುದ್ದೆಗಳನ್ನು ಸಾಲಾಗಿ ಇಟ್ಟ ಹಾಗೆ. ಅವೆಲ್ಲ ರಾಜರ, ರಾಣಿಯರ ಸಮಾಧಿಗಳು. 1973ರಲ್ಲಿ ಅಲ್ಲಿ ಅಗೆಯಲು ಹೊರಟರು. ಎಲ್ಲಕ್ಕಿಂತ ದೊಡ್ಡ ದಿಬ್ಬ ಅಗೆಯುವ ಆಸೆ. ಆದರೆ ಅಷ್ಟು ದೊಡ್ಡದನ್ನು ಅಗೆದು ಅನುಭವ ಇಲ್ಲ. ಮೊದಲು ಪಕ್ಕದ ಸಣ್ಣದರಲ್ಲಿ ಕೈ ಪಳಗಿಸಿಕೊಳ್ಳೋಣ ಎಂದು 155ನೆಯ ನಂಬರಿನ ದಿಬ್ಬಕ್ಕೆ ಗುದ್ದಲಿ ಹಾಕಿದರು. ಸಣ್ಣದೆಂದರೂ ಅದು ಹನ್ನೆರಡು ಮೀಟರಿಗಿಂತ ಎತ್ತರ. ಮಣ್ಣು ತೆಗೆದರೆ ಕಲ್ಲಿನ ರಾಶಿ, ಕಲ್ಲು ತೆಗೆದರೆ ಕೊಳೆತ ಮರದ ಕೋಣೆ. ಒಳಗೆ ಬಂಗಾರದ ಕಿರೀಟ, ಗಾಜಿನ ಬಟ್ಟಲು, ಹನ್ನೊಂದು ಸಾವಿರಕ್ಕೂ ಹೆಚ್ಚು ವಸ್ತುಗಳು! ಅಭ್ಯಾಸಕ್ಕೆಂದು ಅಗೆದ ಗುಂಡಿ!

ಅವುಗಳ ನಡುವೆ ಕುದುರೆಯ ಜೀನಿನ ಎರಡೂ ಪಕ್ಕಕ್ಕೆ ಇಳಿಬಿಡುವ ಹಲಗೆಯಂಥದೊಂದು ಸಿಕ್ಕಿತು. ಸವಾರನ ಬಟ್ಟೆಗೆ ಕೆಸರು ಸಿಡಿಯದಿರಲಿ ಎಂದು ಕಟ್ಟುವಂಥದು. ಸೈಕಲ್ಲಿನ ಮಡ್‌ಗಾರ್ಡ್ ಇರುತ್ತದಲ್ಲ, ಅದೇ ಕೆಲಸ. ಬರ್ಚ್ ಎಂಬ ಮರದ ತೊಗಟೆಯನ್ನು ಪದರ ಪದರವಾಗಿ ಸೇರಿಸಿ ಹೊಲಿದದ್ದು, 75 ಸೆಂಟಿಮೀಟರ್ ಉದ್ದ, 53 ಅಗಲ. ಅದರ ಮೇಲೆ ಒಂದು ಬಿಳಿಯ ಕುದುರೆಯ ಚಿತ್ರ. ಕೇಸರ ಗಾಳಿಗೆ ಹಿಂದಕ್ಕೆ ಹಾರುತ್ತಿದೆ, ಬಾಲ ಮೇಲೆದ್ದಿದೆ, ಕಾಲುಗಳು ನೆಲಕ್ಕೆ ತಾಗಿಲ್ಲ. ಬೆನ್ನ ಮೇಲೆ ಯಾರೂ ಇಲ್ಲ.

ಯೋಚಿಸಿ ಮಕ್ಕಳೇ. ಬಟ್ಟೆ ಕೊಳೆತು, ಮರ ಕೊಳೆತು, ರಾಜನ ದೇಹವೂ ಮಣ್ಣಾಗಿ, ಒಂದು ಮರದ ತೊಗಟೆಯ ಮೇಲಿನ ಬಣ್ಣ 1500 ವರ್ಷ ಉಳಿಯಿತು. ಸಿಲ್ಲಾ ಕಾಲದ ಚಿತ್ರಗಳೇ ಬಲು ಅಪರೂಪವಾದ್ದರಿಂದ ಇದು ದಕ್ಷಿಣ ಕೊರಿಯಾದ ರಾಷ್ಟ್ರೀಯ ನಿಧಿ. ಬೆಳಕಿಗೂ ಗಾಳಿಗೂ ಹಾಳಾಗುತ್ತದೆಂದು ವಸ್ತುಸಂಗ್ರಹಾಲಯದಲ್ಲಿ ಕತ್ತಲೆಯಲ್ಲಿ ಜೋಪಾನ ಮಾಡಿ, ಬಹಳ ಅಪರೂಪಕ್ಕೆ ಜನರಿಗೆ ತೋರಿಸುತ್ತಾರೆ. ಸಮಾಧಿ ಯಾವ ರಾಜನದೆಂದು ಇನ್ನೂ ಖಚಿತವಾಗಿಲ್ಲ. ಅದಕ್ಕೆ ಕುದುರೆಯ ಹೆಸರನ್ನೇ ಇಟ್ಟಿದ್ದಾರೆ, ಚೊನ್‌ಮಾಚೊಂಗ್ ಎಂದು. ಇಲ್ಲಿಯ 'ಚೊನ್' ಸಾವಿರ ಅಲ್ಲ, ಆಕಾಶ. ಉಚ್ಚಾರ ಒಂದೇ, ಅರ್ಥ ಬೇರೆ. ಆಕಾಶದ ಕುದುರೆಯ ಸಮಾಧಿ. ತಲೆಯ ಮೇಲೆ ಕೊಂಬಿನಂಥದೇನೋ ಕಾಣುತ್ತದೆ, ಇದು ಕುದುರೆಯೇ ಅಲ್ಲ, ಬೇರೆ ಪುರಾಣದ ಪ್ರಾಣಿ ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ. ನನಗಂತೂ ಕುದುರೆಯಾಗಿಯೇ ಇರಲಿ ಎಂದು ಆಸೆ.

ಈ ಆಸೆಗೆ ಕಾರಣ ಸಿಲ್ಲಾದವರ ಹುಟ್ಟಿನ ಕಥೆ. ಇರ್ಯೋನ್ ಎಂಬ ಬೌದ್ಧ ಭಿಕ್ಷು 13ನೆಯ ಶತಮಾನದಲ್ಲಿ ಅದನ್ನು ಬರೆದಿಟ್ಟಿದ್ದಾನೆ. ಆರು ಹಳ್ಳಿಗಳ ಮುಖಂಡರು ತಮಗೊಬ್ಬ ರಾಜ ಬೇಕೆಂದು ಬೆಟ್ಟದ ಮೇಲೆ ಸೇರಿದ್ದರು. ಕೆಳಗೆ ನೋಡಿದರೆ ಒಂದು ಬಾವಿಯ ಪಕ್ಕ ಮಿಂಚಿನಂಥ ಬೆಳಕು. ಅಲ್ಲೊಂದು ಬಿಳಿ ಕುದುರೆ ಮಂಡಿಯೂರಿ ನಮಸ್ಕರಿಸುತ್ತಿತ್ತು. ಹತ್ತಿರ ಹೋದಾಗ ಕುದುರೆ ಕೆನೆದು ಆಕಾಶಕ್ಕೆ ಏರಿಹೋಯಿತು. ಅದು ನಿಂತಿದ್ದ ಜಾಗದಲ್ಲಿ ಒಂದು ದೊಡ್ಡ ಮೊಟ್ಟೆ! ಮೊಟ್ಟೆಯಿಂದ ಹೊರಬಂದ ಗಂಡುಮಗುವೇ ಸಿಲ್ಲಾದ ಮೊದಲ ರಾಜ ಹ್ಯೊಕ್ಕೊಸೆ. ಆ ಕುದುರೆಯನ್ನು ಯಾರೂ ಹಿಡಿಯಲಿಲ್ಲ, ಏರಲಿಲ್ಲ. ಅದು ಬಂದು ಕೊಡಬೇಕಾದದ್ದನ್ನು ಕೊಟ್ಟು ಹೋಯಿತು.

ಒಂದು ಸ್ವಾರಸ್ಯ ನೋಡಿ. ಪ್ಯೊಂಗ್ಯಾಂಗಿನಲ್ಲಿ ನೆಲದಡಿಯ ಮೆಟ್ರೋ ರೈಲು ಶುರುವಾದದ್ದೂ 1973ರಲ್ಲೇ. ಅದರ ಮೊದಲ ಮಾರ್ಗದ ಹೆಸರು ಚೊಲ್ಲಿಮಾ. ಸುಮಾರು ನೂರು ಮೀಟರ್ ಆಳದಲ್ಲಿ ಓಡುತ್ತದೆ. ಉತ್ತರದಲ್ಲಿ ಒಂದು ಕುದುರೆ ಭೂಮಿಯೊಳಗೆ ಇಳಿದ ವರ್ಷವೇ ದಕ್ಷಿಣದಲ್ಲಿ ಇನ್ನೊಂದು ಭೂಮಿಯಿಂದ ಮೇಲೆದ್ದು ಬಂತು. ಎರಡರ ನಡುವೆ ಇವತ್ತಿಗೂ ಮುಳ್ಳುತಂತಿ ಇದೆ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಅಡುಗೆಮನೆಯಿಂದ ಅವಳ ಅಜ್ಜಿ ಮೂರನೆಯ ಸಲ ಕೂಗಿದ್ದಳು. ಮೊಮ್ಮಗಳು ಆ ಸ್ಟಾಂಪನ್ನು 'ಗೊತ್ತಿಲ್ಲದವು' ಹಾಳೆಯಿಂದ ಹುಷಾರಾಗಿ ಬಿಡಿಸಿ, ಹೊಸ ಹಾಳೆಗೆ ಅಂಟಿಸಿ, ಮೇಲೆ 'ಕೊರಿಯಾ' ಎಂದು ಬರೆದಳು. ಉತ್ತರ ಎಂದು ಬರೆಯಲಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ ತಾನೇ ಒಂದು ಕುದುರೆ ಬರೆದಳು. ಅದಕ್ಕೆ ರೆಕ್ಕೆ ಇತ್ತು, ಮೇಲೆ ಯಾರೂ ಇರಲಿಲ್ಲ, ಮುಂದೆ ಒಂದು ಬುಟ್ಟಿ ಇತ್ತು. "ಇದೇನು?" ಎಂದೆ. "ಹುರುಳಿ" ಎಂದಳು.

ಈ ವಾರದ ಒಗಟು: ಕೊರಿಯಾದವರ ಒಂದು ಗಾದೆಯನ್ನು ಒಗಟಾಗಿ ಕೇಳುತ್ತೇನೆ. 'ಮಾ' ಎಂಬುದು ಚೀನಾದಿಂದ ಬಂದ ಪದ, ನಮ್ಮಲ್ಲಿ 'ಅಶ್ವ' ಸಂಸ್ಕೃತದಿಂದ ಬಂದ ಹಾಗೆ. ಅವರ ಸ್ವಂತ ಭಾಷೆಯಲ್ಲಿ ಕುದುರೆಗೆ 'ಮಲ್' ಎನ್ನುತ್ತಾರೆ. ಮಲ್ ಎಂಬುದಕ್ಕೆ ಇನ್ನೊಂದು ಅರ್ಥವೂ ಇದೆ. ಆ ಇನ್ನೊಂದು ಮಲ್‌ಗೆ ಕಾಲೇ ಇಲ್ಲ, ಆದರೂ ಸಾವಿರ ರಿ ಹೋಗುತ್ತದೆ. ಒಮ್ಮೆ ಮನೆಯಿಂದ ಹೊರಟರೆ ಹಿಂದಕ್ಕೆ ಕರೆದು ಕಟ್ಟಿಹಾಕಲು ಆಗುವುದಿಲ್ಲ. ಅದು ಯಾವುದು? ಅಜ್ಜ ಅಜ್ಜಿಯರು ಉತ್ತರ ಹೇಳಿಕೊಡಬಾರದು, ಸುಳಿವು ಮಾತ್ರ ಕೊಡಬಹುದು. ಮುಂದಿನ ವಾರ ನೋಡೋಣ.